ಮಂಗಳೂರಿಗೆ ಹೊರಡುವ ಮೊದಲು ಅವ್ವ ಗಾಡಿ ಕಲಿತದ್ದು

ಮೂಗೂರು
ಆಗಸ್ಟ್ 21, ಗುರುವಾರ

ನಂಜನಗೂಡಿನ ನನ್ನ ಮೇಘನಕ್ಕನಿಗೆ, ತಂಗಿ ತೇಜಸ್ವಿನಿಯ ಪ್ರೀತಿಯ ನಮಸ್ಕಾರ.

ಫೋನ್ ಇರುವಾಗ ಇದೇನು ಕಾಗದ ಎಂದು ನಗಬೇಡ. ಫೋನ್ ಮಾಡಿದರೆ ಅವ್ವ ಒಗ್ಗರಣೆ ಬಿಟ್ಟು ಬಂದು ಪಕ್ಕದಲ್ಲೇ ನಿಲ್ಲುತ್ತಾಳೆ. ಸುದ್ದಿ ಅವಳದೇ, ಅವಳೆದುರು ಹೇಗೆ ಹೇಳಲಿ? ನಾಳೆ ಅಪ್ಪ ನಿನ್ನ ಮನೆಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಭಾನುವಾರ ನಾನು ಮಂಗಳೂರಿಗೆ ಹೊರಡುತ್ತೇನೆ. ಮೀನುಗಾರಿಕೆ ಕಾಲೇಜಿನ ಹಾಸ್ಟೆಲ್‌ನಲ್ಲಿ ರೂಮೂ ಸಿಕ್ಕಿದೆ. ಕಾವೇರಿ, ಕಪಿಲಾ ಎರಡೂ ಕೂಡುವ ತಾಲೂಕಿನಲ್ಲಿ ಹುಟ್ಟಿದವಳು ನೀರಿನ ಓದು ಓದದೆ ಇನ್ನೇನು ಓದಲಿ? ಭಯವೇನೂ ಇಲ್ಲ. ಮನೆ ಬಿಟ್ಟಿರುವುದು ಕಷ್ಟ ಎನ್ನುವವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ.

ಸೀಟು ಸಿಕ್ಕ ದಿನ ಶಿವಮಲ್ಲಪ್ಪ ದೊಡ್ಡಪ್ಪ ಬಂದು ಜಗುಲಿ ಮೇಲೆ ಕೂತರು. "ಲಿಂಗ ಕಟ್ಟಿದ ಮನೇಲಿ ಮೀನು ಓದದಾ? ಅದೂ ಅಷ್ಟ್ ದೂರ ಓಗಿ? ನರಸೀಪುರದಲ್ಲೇ ಡಿಗ್ರಿ ಮಾಡ್ಲಿ ಬುಡಿ" ಎಂದರು. ಅವ್ವ ಒಳಗಿಂದಲೇ, "ಓದಕ್ಕೋಗ್ತಾವ್ಳೆ ಕಣ್ ಭಾವ, ತಿನ್ನಕ್ಕಲ್ಲ" ಎಂದಳು. ಅಪ್ಪ ನಕ್ಕುಬಿಟ್ಟರು. ದೊಡ್ಡಪ್ಪ ನಗಲಿಲ್ಲ. "ಸರಿ, ಓಗ್ಲಿ. ನಿನ್ನ ಅಂಗನವಾಡಿಗೆ ದಿನಾ ಯಾರ್ ಬುಟ್ಟಾರು?" ಎಂದು ಕೇಳಿದರು.

ಅಂಗನವಾಡಿ ಇರುವ ಪಕ್ಕದೂರಿಗೆ ಬೆಳಿಗ್ಗೆ ಬಸ್ಸಿಲ್ಲ ಎಂದು ನಿನಗೆ ಗೊತ್ತು. ಅಪ್ಪ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಪಿಯುಸಿ ಮುಗಿಯುವ ತನಕ ನಾನೇ ಅವಳನ್ನು ಅಲ್ಲಿಗೆ ಬಿಟ್ಟು ಕಾಲೇಜಿಗೆ ಹೋಗುತ್ತಿದ್ದೆ. ದೊಡ್ಡಪ್ಪ ಬಂದುಹೋದ ಮರುದಿನ ನನ್ನ ಜಡೆ ಹೆಣೆಯುತ್ತಾ ಅವ್ವ ಮೆಲ್ಲಗೆ, "ನಾನೇ ಕೆಲ್ಸ ಬುಡ್ತೀನಿ. ನೀ ಓಗು" ಎಂದಳು. ನಮಗಿಬ್ಬರಿಗೂ ಅಕ್ಷರ ಕಲಿಸಿದ್ದು ಅದೇ ಅಂಗನವಾಡಿ ಅಲ್ವಾ ಅಕ್ಕಾ? ನಾನು ಅರ್ಧ ಜಡೆಯಲ್ಲೇ ಎದ್ದು ನಿಂತು, ಕೆಲಸ ಬಿಡಬೇಡ, ಗಾಡಿ ಕಲಿ ಎಂದೆ.

ಅಪ್ಪ ಬಿದ್ದ ಗಾಡಿ ಅದು. ಹಿಂದೆ ಕೂರುವಾಗಲೂ ಅವ್ವ ನನ್ನ ಸೊಂಟ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಆದರೂ ಲರ್ನಿಂಗ್ ಲೈಸೆನ್ಸ್ ಮಾಡಿಸಿ, ಮುಂದೆ ಹಿಂದೆ ಕೆಂಪು 'ಎಲ್' ಅಂಟಿಸಿ, ಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಹೋದೆ. ಮೊದಲ ವಾರವೇ ಬ್ರೇಕು ಮರೆತು ಗುರುಮಲ್ಲಪ್ಪನವರ ಹುಲ್ಲಿನ ಮೆದೆಗೆ ನುಗ್ಗಿಸಿದಳು. ಏಟೇನೂ ಆಗಲಿಲ್ಲ, ಆದರೆ ಜನ ನಿಂತು ನಕ್ಕರು. "ನನ್ ಕೈಲಾಗದಿಲ್ಲ ಕಣವ್ವ" ಎಂದು ಕೀ ನನ್ನ ಕೈಗೆ ಕೊಟ್ಟವಳು ಮತ್ತೆ ಗಾಡಿ ಮುಟ್ಟಲಿಲ್ಲ. ನಾನು ಹೇಳಿ ಹೇಳಿ ಸೋತೆ.

ಕೊನೆಗೆ ಅಪ್ಪನೇ ಕೋಲೂರಿಕೊಂಡು ಮೈದಾನಕ್ಕೆ ಬಂದರು. ಬಿದ್ದ ಮೇಲೆ ಅವರು ಗಾಡಿ ಹತ್ತಿರ ಹೋದದ್ದು ನಾನು ನೋಡಿದ್ದು ಅದೇ ಮೊದಲು. ಸೀಟಿನ ಮೇಲಿನ ಧೂಳು ಟವೆಲಿನಲ್ಲಿ ಒರೆಸಿ, "ಬಿದ್ದೋನು ನಾನು. ಎದ್ರಿಕೆ ನಿಂಗ್ಯಾಕೆ? ಕುಂತ್ಕೊ" ಎಂದರು. ಅವ್ವ ಅವರ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಬಿಗಿದು ಕೂತಳು. ಅಪ್ಪ ಮೈದಾನದ ನಡುವೆ ನಿಂತು, "ಎಕ್ಸಲೇಟರ್ ಬುಡು! ಬುಡು ಅಂದ್ನಲ್ಲಾ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. "ನೀವ್ ಸುಮ್ಕಿದ್ರೆ ಓಡಿಸ್ತೀನಿ" ಎಂದು ಅವ್ವ ಅದಕ್ಕಿಂತ ಜೋರಾಗಿ ಕೂಗಿದಳು.

ಹೋದ ವಾರ ನಾನೂ ಅಪ್ಪನೂ ಅಡ್ಮಿಷನ್‌ಗೆ ಮಂಗಳೂರಿಗೆ ಹೋದೆವು. ಮೈದಾನ ಬಿಟ್ಟು ಒಬ್ಬಳೇ ರಸ್ತೆಗೆ ಇನ್ನೂ ಇಳಿದಿರದ ಅವ್ವ, ನಾವು ಬರುವ ತನಕ ರಜೆ ಹಾಕುವುದಾಗಿ ಹೇಳಿದ್ದಳು. ವಾಪಸು ರಾತ್ರಿಯೆಲ್ಲ ಪ್ರಯಾಣ ಮಾಡಿ, ಬೆಳಿಗ್ಗೆ ನರಸೀಪುರದಿಂದ ಊರಿನ ಬಸ್ಸು ಹತ್ತಿದೆವು. ಮೂಗೂರು ಇನ್ನೇನು ಬಂತು ಎನ್ನುವಾಗ ಎದುರಿಗೆ ಒಂದು ಗಾಡಿ ಬಂತು. ಎರಡು ಕಾಲಿನ ನಡುವೆ ಮೊಟ್ಟೆಯ ಟ್ರೇಗಳು, ತಲೆಯ ಮೇಲೆ ನನ್ನ ಹಳೇ ಹೆಲ್ಮೆಟ್. ಅವ್ವ! ಬಸ್ಸಿಗೆ ದಾರಿ ಬಿಟ್ಟು, ಇಂಡಿಕೇಟರ್ ಹಾಕಿ, ಅಂಗನವಾಡಿಯ ದಾರಿಗೆ ತಿರುಗಿದಳು. ನಮ್ಮನ್ನು ನೋಡಲೇ ಇಲ್ಲ. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಂಡಕ್ಟರ್ ಬೈಯುವವರೆಗೂ ನೋಡುತ್ತಿದ್ದರು.

ಸಂಜೆ ಕೇಳಿದರೆ ಅವ್ವ, "ಮಕ್ಳು ಬಾಗ್ಲಲ್ಲಿ ಕಾಯ್ತಿರ್ತವೆ, ರಜಾ ಆಕದೆಂಗೆ?" ಎಂದಳು, ಏನೂ ಆಗಿಲ್ಲವೆಂಬಂತೆ.

ಈಗ ಬ್ಯಾಗು ತುಂಬಿದೆ. ಹುರಳಿ ಚಟ್ನಿಪುಡಿ ಬೇಡವೆಂದರೂ ಬಟ್ಟೆಗಳ ನಡುವೆ ಹೋಗಿ ಕೂತಿದೆ. ಮಂಗಳೂರಲ್ಲಿ ಮಳೆ ಜಾಸ್ತಿಯಂತೆ ಎಂದು ದೊಡ್ಡಪ್ಪ ಒಂದು ದೊಡ್ಡ ಕಪ್ಪು ಕೊಡೆ ತಂದುಕೊಟ್ಟರು, ಮೀನಿನ ಮಾತೆತ್ತಲಿಲ್ಲ. ಭಾನುವಾರ ಬೆಳಿಗ್ಗೆ ನೀನೂ ಭಾವನೂ ಮೈಸೂರು ಬಸ್‌ಸ್ಟ್ಯಾಂಡಿಗೆ ಬನ್ನಿ. ನಗುನಗುತ್ತಾ ಹೊರಡುವ ತಂಗಿಯನ್ನು ನೋಡುವಿರಂತೆ.

ನಿನ್ನ ತಂಗಿ,
ತೇಜು

ಇನ್ನೊಂದು ಮಾತು, ನೀನೊಬ್ಬಳೇ ಓದಿಕೋ. ಅವ್ವ ಕೀ ವಾಪಸು ಕೊಟ್ಟಾಗ ಬೇಜಾರಾಯಿತು ಅಂದುಕೊಂಡೆಯಾ? ನನಗೆ ಒಳಗೊಳಗೇ ಸಮಾಧಾನವಾಗಿತ್ತು ಅಕ್ಕಾ. ಅವ್ವ ಕಲಿಯದಿದ್ದರೆ ನಾನು ಮನೆಯಲ್ಲೇ ಉಳಿಯಬಹುದಿತ್ತು. ಹೆದರಿ ಉಳಿದಳೆಂದು ಯಾರೂ ಅನ್ನುತ್ತಿರಲಿಲ್ಲ. ಅವತ್ತು ಬಸ್ಸಿನಲ್ಲಿ ಅವಳನ್ನು ನೋಡಿ ಅತ್ತುಬಿಟ್ಟೆ. ಅವ್ವನೇ ಹೊರಟಳು, ಇನ್ನು ನಾನೂ ಹೊರಡಬಹುದು ಎನಿಸಿ, ಊರು ಬರುವಷ್ಟರಲ್ಲಿ ಅಳು ನಿಂತಿತ್ತು. ಬಸ್ಸಿನಿಂದ ಇಳಿದಾಗ ಅಪ್ಪನ ಬ್ಯಾಗೂ ನನ್ನ ಕೈಯಲ್ಲೇ ಇತ್ತು, ಭಾರವೆನಿಸಲಿಲ್ಲ.