ಬಾಗಿಲಿಗೆ ಅಡ್ಡ ನಿಂತ ಗಾಡಿ

ಹುಮನಾಬಾದ, ೧೨ ಮೇ ೧೯೪೯, ಗುರುವಾರ ರಾತ್ರಿ

ಇಂದು ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ನಮ್ಮ ಓಣಿಯ ಇತಿಹಾಸ ಮಗ್ಗುಲು ಬದಲಿಸಬೇಕಿತ್ತು. ಬದಲಿಸಲಿಲ್ಲ.

ಪಕ್ಕದ ಮನೆಯ ಖಮರುದ್ದೀನ ತನ್ನ ಎತ್ತಿನ ಗಾಡಿಯನ್ನು ನನ್ನ ಬಾಗಿಲಿಗೇ ಅಡ್ಡ ಬಿಡುತ್ತಾನೆ. ಆರು ತಿಂಗಳಿಂದ ಮುಂದಕ್ಕೆ ಚಾಚಿದ ಅದರ ಮೂಕಿಮರ ದಾಟಿಯೇ ನಾನು ಹೊರಗೆ ಬೀಳುವುದು; ಎರಡು ಧೋತರ ಹರಿದಿವೆ. ನನ್ನ ತಕರಾರು ತಾಳಲಾರದೆ ಅವನು ನಿನ್ನೆ ಸೋತ. ಗಾಡಿಯನ್ನು ಹುಡಗಿ ಎಂಬ ಊರಲ್ಲಿರುವ ತಮ್ಮನ ಹೊಲಕ್ಕೆ ಒಯ್ಯುತ್ತೇನೆಂದ. ಇವತ್ತು ಎತ್ತು ಹಿಡಿದು ಬಂದೇ ಬಂದ.

ನೋಡಿದರೆ ಗಾಡಿಯ ತುಂಬ ಶ್ಯಾವಿಗೆ! ಗೂಟದಿಂದ ಗೂಟಕ್ಕೆ ಕೋಲು ಹಾಕಿ, ನನ್ನಾಕೆ ಮೀರಾಬಾಯಿಯೂ ಅವನಾಕೆ ಮುನ್ನಿ ಬೀಯೂ ಕೂಡಿ ಹಸಿ ಎಳೆಗಳನ್ನು ಇಳಿಬಿಟ್ಟಿದ್ದರು.

“ಮುನಶೀಜಿ, ಎತ್ತು ತಂದೀನ್ರಿ. ಈಗ ಏನ್ ಹುಕುಂ?” ಎಂದ ಖಮರುದ್ದೀನ, ಮೀಸೆಯೊಳಗೇ ನಗುತ್ತ.

“ಒಣಗೋತನಕ ಗಾಡಿ ಒಂದ್ ಗೇಣು ಸರೀಬಾರದು ನೋಡ್ರಿ!” ಎಂದಳು ನನ್ನಾಕೆ.

“ಅರ್ಧ ನಮ್ಮ ಈದಿಗಂತ ಮಾಡಿದ್ದಾವ್ರಿ ಭಾಯಿಸಾಬ್. ಮುರಿದ್ರ ನೀವೇ ಕೂತು ಹೊಸೀಬೇಕಾಗ್ತದ,” ಎಂದಳು ಮುನ್ನಿ ಬೀ.

ನಾನು ಗಂಭೀರವಾಗಿ ಕೆಮ್ಮಿ, ಗಾಡಿ ಇದ್ದಲ್ಲೇ ಇರಲೆಂದು ಅಪ್ಪಣೆ ಕೊಟ್ಟೆ. ಎತ್ತುಗಳೂ ನಕ್ಕಂತೆ ಕಂಡವು. ಸಂಜೆ ಖಮರುದ್ದೀನನೂ ನಾನೂ ಅದೇ ಮೂಕಿಯ ಮೇಲೆ ಕೂತು ಚಹಾ ಕುಡಿದೆವು. ಎಂಥ ಸೊಗಸಾದ ಬೆಂಚು! ಆರು ತಿಂಗಳು ಬರೀ ದಾಟಿದ್ದೇ ದಂಡ. ನಾಳೆಯೂ ಅಲ್ಲೇ ಕೂಡ್ರುವುದೆಂದು ಠರಾವಾಗಿದೆ.

ಶ್ರೀಮತಿ ಮೀರಾಬಾಯಿಯವರೇ, ಇದನ್ನು ನೀವು ಕದ್ದು ಓದುತ್ತೀರೆಂದು ಬಲ್ಲೆ. ಓಣಿ ಇಳಿಜಾರು. ಬೆಳಿಗ್ಗೆ ನೀರಿಗೆ ಹೋಗುವಾಗ ಗಾಡಿಯ ಗಾಲಿಗೆ ಇನ್ನೊಂದು ಕಲ್ಲು ಕೊಟ್ಟು ಹೋಗಿ, ಎಲ್ಲಿಯಾದರೂ ಸರಿದುಬಿಟ್ಟೀತು.