ಯಾರ ಮೈಬಣ್ಣ?

ಮೋರ್ಲಿ, ಪರ್ತ್
೧೪ ಸೆಪ್ಟೆಂಬರ್ ೨೦೨೫

ಚಿರಂಜೀವಿ ದೇವಕಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀ, ಗೊತ್ತು. ತಪ್ಪು ನನ್ನದೇ. ಫೋನು ಮಾಡೋಣವೆಂದರೆ ನಿನಗೆ ಅರ್ಧ ಕೇಳಿಸುವುದಿಲ್ಲ. ಕೇಳಿಸದ ಅರ್ಧಕ್ಕೂ ಹ್ಞೂಂ ಅನ್ನುತ್ತೀ. ಈ ಸುದ್ದಿಗೆ ಅಂಥ ಹ್ಞೂಂ ನನಗೆ ಬೇಡ. ಕನ್ನಡಕ ಹಾಕಿಕೊಂಡು ಓದು. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೋ.

ಅಲ್ಲಿ ಸ್ಯಾಲಿಸ್‌ಬರಿಯಲ್ಲಿ ಚಳಿ ಬಿಟ್ಟಿತೇ? ಇಲ್ಲಿ ಚಳಿಗಾಲ ಮುಗಿಯುತ್ತಾ ಬಂತು. ನಿನ್ನ ಮಗ ಅಭಿಷೇಕನಿಗೆ ಫ್ಯಾಕ್ಟರಿಯಲ್ಲಿ ಈಗಲೂ ರಾತ್ರಿ ಪಾಳಿಯೇ? ಪಾಪ, ಬಿಸಿಯಾಗಿ ಏನಾದರೂ ಕಟ್ಟಿಕೊಡು.

ಈಗ ನನ್ನ ಮೊಮ್ಮಗಳ ವಿಷಯ. ಗಾನವಿ ಸ್ಕೂಲಿನ ಡ್ಯಾನ್ಸ್ ತಂಡದಲ್ಲಿದ್ದಾಳಲ್ಲ, ಪರ್ತ್ ಸಿಟಿಯ ದೊಡ್ಡ ಹಾಲಿನಲ್ಲಿ ಅವರ ಕಾರ್ಯಕ್ರಮವಿತ್ತು. ಇವಳಿಗೆ ಮುಂದಿನ ಸಾಲು. ಅಷ್ಟರಲ್ಲಿ ಸ್ಕೂಲಿನಿಂದ ಚೀಟಿ ಬಂತು: ಹುಡುಗಿಯರೆಲ್ಲ ಮೈಬಣ್ಣದ ಉದ್ದ ಕಾಲುಚೀಲ ಹಾಕಿಕೊಳ್ಳಬೇಕು. ಸೊಸೆ ಜಯಮಾಲಾ ಅಂಗಡಿಗೆ ಹೋಗಿ ಅದೇ ಹೆಸರು ಬರೆದಿದ್ದ ಪೊಟ್ಟಣ ತಂದಳು. ಬಿಚ್ಚಿದರೆ ಸಿಪ್ಪೆ ಸುಲಿದ ಆಲೂಗಡ್ಡೆಯ ಬಣ್ಣ! ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ, ಸೊಂಟದ ಮೇಲೆ ನಮ್ಮ ಹುಡುಗಿ, ಕೆಳಗೆ ಇನ್ಯಾರದೋ ಕಾಲು.

“ಅಜ್ಜಿ, ಲುಕ್! ಇದು ಯಾರ ಲೆಗ್ಸ್?” ಅಂದಳು.

“ಯಾರದ್ದೋ ಎತ್ಕೊಂಡು ಬಂದಿದ್ದೀಯ, ವಾಪಸ್ ಕೊಟ್ಬಿಟ್ಟು ಬಾ,” ಅಂದೆ.

ನಕ್ಕೆವು. ಆಮೇಲೆ ಅವಳು ತನ್ನ ಕಾಲಿನದೇ ಕಂದು ಬಣ್ಣದ್ದನ್ನು ಆನ್‌ಲೈನಿನಲ್ಲಿ ತರಿಸಿ ಹಾಕಿಕೊಂಡು ಹೋದಳು. ಡ್ಯಾನ್ಸ್ ಮಿಸ್ ನೋಡಿ, ಎಲ್ಲರ ಕಾಲೂ ಒಂದೇ ಥರ ಕಾಣಬೇಕು, ಚೀಟಿಯಲ್ಲಿದ್ದುದನ್ನು ಹಾಕಿಕೋ, ಇಲ್ಲವೇ ಹಿಂದಿನ ಸಾಲಿಗೆ ಹೋಗು ಅಂದರಂತೆ. ಇವಳ ಗೆಳತಿ ಅಚೋಲ್, ಸುಡಾನಿನ ಕಡೆಯವರ ಮಗಳು, ಹೋದ ವರ್ಷ ಇದೇ ಮಾತಿಗೆ ತಂಡ ಬಿಟ್ಟಿದ್ದಳು. ಗಾನವಿಗೆ ಅದು ತಿಳಿದದ್ದು ಆವತ್ತೇ. ಮನೆಗೆ ಬಂದು ಬ್ಯಾಗು ಎಸೆದಳು.

ನನ್ನ ಮಗ ಭರತೇಶನನ್ನು ನೀನು ಬಲ್ಲೆ. ಜಗಳವೆಂದರೆ ಅವನು ಮೈಲಿ ದೂರ. “ಒಂದಿನದ ಮಾತಲ್ವಾ ಪುಟ್ಟಿ, ಅಡ್ಜಸ್ಟ್ ಮಾಡ್ಕೋ. ಇಡೀ ಸ್ಕೂಲಿಗೆ ಯಾಕೆ ಬೇಜಾರು?” ಅಂದ.

“ಸ್ಕೂಲಿಗೆ ಬೇಜಾರಾಗ್ಬಾರ್ದು, ಇವಳಿಗೆ ಆಗ್ಬಹುದು. ಭಾರೀ ನ್ಯಾಯ ಕಣೋ ನಿಂದು!” ಅಂದೆ. ಎದ್ದು ಕಾರಿನ ಕೀ ಹುಡುಕಿದ.

ಪ್ರಿನ್ಸಿಪಾಲರ ಕೋಣೆಗೆ ಮನೆಮಂದಿಯೆಲ್ಲ ಹೋದೆವು. ಅಚೋಲ್ ತನ್ನ ತಾಯಿಯನ್ನು ಕರೆತಂದಿದ್ದಳು. ಅಲ್ಲಿ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ಜಯಮಾಲಾ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಊದುತ್ತಿದ್ದಳು. ಪ್ರಿನ್ಸಿಪಾಲಮ್ಮ ಕೆಟ್ಟವರಲ್ಲ, ಬಿಸ್ಕತ್ತು ಕೊಟ್ಟರು. “ನಮ್ಮ ಸ್ಕೂಲಲ್ಲಿ ನಾವು ಬಣ್ಣ ನೋಡೋದೇ ಇಲ್ಲ,” ಅಂದರು.

ಗಾನವಿ ಎದ್ದು ನಿಂತಳು. “ನೋಡೋದಿಲ್ಲ ಅಂದ್ರೆ ಚೀಟೀಲಿ ಯಾಕೆ ಬರೆದ್ರಿ, ಮಿಸ್? ಮೈಬಣ್ಣ ಅಂದ್ರೆ ಯಾರ ಮೈ? ನಂದೂ ಮೈಯೇ. ಅಚೋಲ್‌ದೂ ಮೈಯೇ.”

ಕೇಳಿ ಮುಗಿಸಿದ ಮೇಲೂ ಹುಡುಗಿ ಕೂರಲಿಲ್ಲ ದೇವಕಿ. ಅಚೋಲ್ ಮೆಲ್ಲಗೆ, “ಡ್ಯಾನ್ಸ್ ಬೇಜಾರಾಗಿ ಬಿಟ್ಟಿದ್ದಲ್ಲ ನಾನು,” ಅಂದಳು. ಅವಳ ತಾಯಿ ಕಣ್ಣೊರೆಸಿಕೊಂಡಳು. ಆಯಮ್ಮನ ಭಾಷೆ ನನಗೆ ಬರದು, ನನ್ನದು ಅವಳಿಗೆ ಬರದು. ಸುಮ್ಮನೆ ಕೈ ಹಿಡಿದುಕೊಂಡೆ. ಪ್ರಿನ್ಸಿಪಾಲಮ್ಮ ಪೆನ್ನು ತೆಗೆದು, “ನಮಗೆ ಕಾಣದೇ ಹೋದದ್ದು ಇನ್ನೇನಿದೆ, ಹೇಳಿ,” ಎಂದು ಮಕ್ಕಳನ್ನೇ ಕೇಳಿದರು. ಅಚೋಲಳ ಸಣ್ಣ ಸಣ್ಣ ಜಡೆಗಳು ನೀಟಾಗಿಲ್ಲ, ಬಿಚ್ಚಬೇಕು ಅಂತ ಸ್ಕೂಲಿನವರು ಅಂದಿದ್ದರಂತೆ. ಅದೂ ಹೊರಗೆ ಬಂತು.

ಹೊಸ ಚೀಟಿ ಬಂದಿದೆ: “ಅವರವರ ಮೈಬಣ್ಣದ ಕಾಲುಚೀಲ.” ಸ್ಕೂಲಿನ ಅಂಗಡಿಯಲ್ಲೇ ಎಲ್ಲ ಬಣ್ಣದ್ದೂ ಇಟ್ಟಿದ್ದಾರೆ. ಜಡೆಯ ತಂಟೆಗೆ ಯಾರೂ ಹೋಗುವಂತಿಲ್ಲ. ಇಂಥ ಮಾತು ಕೇಳಿಸಿಕೊಂಡ ಹುಡುಗಿಯರೆಲ್ಲ ಈಗ ಊಟದ ಹೊತ್ತಿನಲ್ಲಿ ಒಟ್ಟಿಗೆ ಕೂತು ಮಾತಾಡುತ್ತಾರೆ, ಅವರು ಕೇಳಿದ್ದಕ್ಕೆ ಪ್ರಿನ್ಸಿಪಾಲಮ್ಮ ಬಂದು ಉತ್ತರ ಕೊಡಬೇಕು. ನಮ್ಮವಳೇ ಮುಂದಾಳು!

ನಿನ್ನೆ ಕಾರ್ಯಕ್ರಮವಾಯಿತು. ಮುಂದಿನ ಸಾಲಿನಲ್ಲಿ ಗಾನವಿ, ಪಕ್ಕದಲ್ಲೇ ಮತ್ತೆ ತಂಡ ಸೇರಿದ ಅಚೋಲ್. ಕಾಲುಗಳು ಅವರವರವೇ. ನಾನು ಚಪ್ಪಾಳೆ ತಟ್ಟಿದ ಜೋರಿಗೆ ಮುಂದೆ ಕೂತವರು ತಿರುಗಿ ನೋಡಿದರು. ನೋಡಲಿ. ಭರತೇಶನಂತೂ ಅಕ್ಕಪಕ್ಕದವರಿಗೆಲ್ಲ “ಮೈ ಡಾಟರ್, ಮೈ ಡಾಟರ್” ಅನ್ನುತ್ತಿದ್ದ. ಅಡ್ಜಸ್ಟ್ ಮಾಡಿಕೋ ಎಂದ ಬಾಯಿ!

ಅಭಿಷೇಕನಿಗೂ ಅವನ ಮಕ್ಕಳಿಗೂ ನನ್ನ ಆಶೀರ್ವಾದ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಸೋಮಾರಿ. ತಂಪಾಗಿ ಬಾಳು.

ನಿನ್ನ ಅಕ್ಕ,
ಇಂದಿರಾ

ತಾ.ಕ.: ಮೊನ್ನೆ ಗಾನವಿ ನಿನ್ನ ಕಾಗದವನ್ನು ಜಯಮಾಲಾಳಿಂದ ಓದಿಸಿಕೊಂಡಳು. ಮೊದಲ ಸಾಲಿಗೇ ತಡೆದು, “ಕರಿಯಕ್ಕ ಅಂದ್ರೆ ಯಾರು?” ಅಂದಳು. ನಾನೇ ಕಣೇ ಅಂದೆ. ಮಗು ನಗಲಿಲ್ಲ. “ನಿಂಗೆ ಇಷ್ಟಾನಾ ಅಜ್ಜಿ?” ಎಂದು ಕನ್ನಡದಲ್ಲೇ ಕೇಳಿದಳು. ನನ್ನ ಕ್ಲಾಸಿನಲ್ಲಿ ಇಂದಿರಾ ಎಂಬ ಹೆಸರಿನವರು ಇಬ್ಬರಿದ್ದೆವು. ಗುರುತಿಗೆಂದು ಮೇಷ್ಟ್ರು ಬಿಳಿ ಇಂದಿರಾ, ಕರಿ ಇಂದಿರಾ ಅಂದರು. ಬರಬರುತ್ತಾ ಅವಳು ಬರೀ ಇಂದಿರಾ ಆದಳು, ನಾನು ಬರೀ ಕರಿ ಆದೆ. ಅದನ್ನೇ ನೀನು ಮನೆಗೆ ತಂದೆ. ಪ್ರೀತಿಯಿಂದಲೇ ಬರೆಯುತ್ತೀ, ಗೊತ್ತು. ಆದರೂ ನಿನ್ನ ಕಾಗದ ಬಂದಾಗಲೆಲ್ಲ ಮೊದಲ ಸಾಲು ಬಿಟ್ಟು ಎರಡನೆಯದರಿಂದ ಓದುತ್ತೇನೆ. ಇನ್ನು ಮೇಲೆ ಇಂದಿರಕ್ಕ ಅಂತ ಬರೆ.