ಬುಧವಾರದ ತಲೆನೋವು

ನೆಯಾಫು, ವವಾವು ದ್ವೀಪ
೧೬ ಏಪ್ರಿಲ್ ೧೯೯೬, ಮಂಗಳವಾರ

ನನ್ನ ಮುದ್ದು ಸಾನೆಗೆ ನಿನ್ನ ಸೋದರತ್ತೆಯ ಪ್ರೀತಿ, ಜೊತೆಗೆ ಒಂದಿಷ್ಟು ಸಿಟ್ಟು ಕೂಡ.

ನಿನ್ನ ಪತ್ರ ತಲುಪಿತು. ನಿನ್ನ ಅಮ್ಮ ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು. ಫಿಜಿಯ ಸುವಾದ ಮಳೆಗೆ ನಿನ್ನ ಚಪ್ಪಲಿಗೆ ಬೂಸ್ಟು ಹಿಡಿದದ್ದು, ಹಾಸ್ಟೆಲಿನ ರೊಟ್ಟಿ ಹರಿಯಲು ನಿನ್ನ ಕೋಣೆಯ ಗೆಳತಿ ವಸಿತಿಯ ಸಹಾಯ ಬೇಕಾದದ್ದು, ಅವಳು ನಿದ್ದೆಯಲ್ಲೂ ಹಾಡುವುದು, ಎಲ್ಲಕ್ಕೂ ನಕ್ಕರು. ನಿನ್ನ ಅಪ್ಪ ಎಂದಿನಂತೆ ಅಕ್ಕ ಒಳಗಿದ್ದಾಳೆಂದು ಜಗಲಿಯಲ್ಲೇ ಕುಳಿತು, ಬೆನ್ನು ತಿರುಗಿಸಿಕೊಂಡು ನಕ್ಕ. ನಾನು ನಗಲಿಲ್ಲ. ನಾಲ್ಕು ಪುಟದ ಆ ಪತ್ರದಲ್ಲಿ ಮೂರು ಕಡೆ ನಿನಗೆ ತಲೆನೋವು ಬಂದಿದೆ. ಮೂರೂ ಸಲ ಬುಧವಾರವೇ. ಕ್ಯಾಲೆಂಡರ್ ನೋಡಿಕೊಂಡು ಬರುವ ತಲೆನೋವು ಎಂಥದ್ದು ಎಂದು ನನಗೆ ಗೊತ್ತಿದೆ ಕಣೇ.

ಆದರೂ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಮೊನ್ನೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಿನ್ನ ಚಿಕ್ಕಮ್ಮ ಫುಸಿ ಊಟಕ್ಕೆ ಬಂದಳು. ನೆಲದೊಲೆಯಿಂದ ಕೆಸುವಿನೆಲೆಯ ಗಂಟು ತೆಗೆದು ಬಿಚ್ಚುತ್ತಿದ್ದೆ. ಅವಳ ಬಾಯಿ ಸುಮ್ಮನಿರುತ್ತದೆಯೇ?

"ನಮ್ಮ ಸಿಯೊಸಾಯಾ ವಿಷಯ ಬದಲಾಯಿಸ್ಕೊಂಡ ಗೊತ್ತಾ? ಈಗ ಸಾನೆ ಇರೋ ಜೀವಶಾಸ್ತ್ರದ ಕ್ಲಾಸಲ್ಲೇ ಅವನೂ ಇದ್ದಾನೆ. ಅಣ್ಣ ಅಲ್ಲೇ ಇರೋವಾಗ ನಿಮಗಿನ್ನೇನು ಚಿಂತೆ ಹೇಳಿ" ಎಂದಳು.

ನನ್ನ ಕೈಯಲ್ಲಿದ್ದ ಎಲೆ ಬಿಸಿಯಾಗಿದೆ ಎನ್ನುವುದೂ ಮರೆತುಹೋಯಿತು. ಚಿಕ್ಕಮ್ಮನ ಮಗನೆಂದರೆ ಒಡಹುಟ್ಟಿದವನೇ. ಆ ಕ್ಲಾಸಿನಲ್ಲಿ ಈಗ ಯಾವ ಪಾಠ ನಡೆಯುತ್ತಿರಬಹುದು ಎಂದು ಊಹಿಸಲು ನನಗೆ ಪುಸ್ತಕ ಬೇಕಿರಲಿಲ್ಲ.

ಬುಧವಾರದ ಆ ಕ್ಲಾಸು ಆರು ಸಲ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಪರೀಕ್ಷೆ ಹೋದರೆ ಸರ್ಕಾರದ ವಿದ್ಯಾರ್ಥಿವೇತನವೂ ಹೋಗುತ್ತದೆ ಎಂದು ಫೆಬ್ರವರಿಯಲ್ಲಿ ನೀನೇ ಬರೆದಿದ್ದೆ. ಈ ಪತ್ರ ನಿನ್ನ ಕೈಸೇರುವಷ್ಟರಲ್ಲಿ ಐದು ಮುಗಿದಿರುತ್ತದೆ. ಪಾದ್ರಿಯವರ ಹೆಂಡತಿ ನಾಳೆ ರಾತ್ರಿಯ ಹಡಗು ಹತ್ತುತ್ತಾರೆ, ಶನಿವಾರದ ವಿಮಾನದಲ್ಲಿ ಸುವಾ ತಲುಪುತ್ತಾರೆ. ಅಂಚೆಯನ್ನು ನಂಬದೆ ಅವರ ಕೈಯಲ್ಲೇ ಕೊಡುತ್ತಿದ್ದೇನೆ. ಆಮೇಲೆ ನಿನಗೆ ಉಳಿಯುವುದು ಒಂದೇ ಬುಧವಾರ, ಇಪ್ಪತ್ನಾಲ್ಕನೇ ತಾರೀಕು.

ನೀನು ಹೊರಟ ದಿನ ಬಂದರಿನಲ್ಲಿ ಎಲ್ಲರೂ ನಿನಗೆ ಬುದ್ಧಿಮಾತು ಹೇಳಿದರು. ಚರ್ಚು ಬಿಡಬೇಡ, ಸೊಂಟಕ್ಕೆ ಗೌರವದ ಚಾಪೆ ಸುತ್ತಿಕೊಳ್ಳದೆ ಪ್ರಾರ್ಥನೆಗೆ ಹೋಗಬೇಡ, ಹುಡುಗರ ಜೊತೆ ಹರಟಬೇಡ. ಬೇಡಗಳೇ ಒಂದು ಬುಟ್ಟಿ ತುಂಬಿದ್ದವು. ನಾನು ಮಾತ್ರ ಏನೂ ಹೇಳಲಿಲ್ಲ. ಅತ್ತೆ ಗತ್ತಿನವಳು, ಮಾತಾಡುವುದು ಕಡಿಮೆ ಎಂದು ನೀನು ಅಂದುಕೊಂಡಿರಬೇಕು. ಹೇಳುವುದಿತ್ತು, ಬಾಯಿ ಬರಲಿಲ್ಲ. ಅವತ್ತು ಹೇಳಬೇಕಿದ್ದದ್ದನ್ನು ಈಗ ಬರೆಯುತ್ತೇನೆ.

ಅರ್ಥವಾಗದಿದ್ದರೆ ಕೈ ಎತ್ತಿ ಕೇಳು. ನಮ್ಮಲ್ಲಿ ಮೇಷ್ಟ್ರನ್ನು ಪ್ರಶ್ನೆ ಕೇಳುವುದು ಉದ್ಧಟತನ, ಅಲ್ಲಿ ಕೇಳದವರನ್ನು ದಡ್ಡರೆಂದು ತಿಳಿಯುತ್ತಾರೆ. ಬರೀ ನಮ್ಮ ದ್ವೀಪದ ಹುಡುಗಿಯರ ಜೊತೆಯೇ ಗುಂಪು ಕಟ್ಟಬೇಡ, ಅವರೆಲ್ಲರೂ ನಿನ್ನಷ್ಟೇ ಮನೆ ನೆನೆದು ಅಳುವವರು. ವಸಿತಿಯನ್ನು ಬಿಡಬೇಡ, ನಿದ್ದೆಯಲ್ಲಿ ಹಾಡುವವಳ ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ. ಪತ್ರದಲ್ಲಿ ಎಲ್ಲ ಚೆನ್ನಾಗಿದೆ ಎಂದು ಸುಳ್ಳು ಬರೆಯಬೇಡ. ಇದನ್ನು ಹೇಳಲು ನನಗೆ ಯಾವ ಯೋಗ್ಯತೆಯೂ ಇಲ್ಲ, ಏಕೆಂದು ಹೇಳುತ್ತೇನೆ ಕೇಳು.

ಇಪ್ಪತ್ತೈದು ವರ್ಷದ ಹಿಂದೆ ನಾನೂ ನಿನ್ನ ಅಪ್ಪ ಹೆಪೇತಿಯೂ ಒಂದೇ ಹಡಗಿನಲ್ಲಿ ಅದೇ ಕಾಲೇಜಿಗೆ ಹೋದೆವು. ನನಗಿಂತ ಅವನು ಒಂದೇ ವರ್ಷಕ್ಕೆ ಚಿಕ್ಕವನು, ಬಲು ಜಾಣ. ಅವನು ಡಾಕ್ಟರಾಗಬೇಕಿತ್ತು, ನಾನು ವಿಜ್ಞಾನದ ಟೀಚರು. ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಕ್ಲಾಸು, ಬುಧವಾರದ ಜೀವಶಾಸ್ತ್ರ. ನಾನು ಮುಂದೆ ಕೂರುತ್ತಿದ್ದೆ, ಅವನು ಕೊನೆಯ ಸಾಲಿನಲ್ಲಿ. ಮಾತಿಲ್ಲ, ಕತೆಯಿಲ್ಲ. ಹನ್ನೆರಡು ತುಂಬುತ್ತಲೇ ಅವನು ಹೊರಗಿನ ಗುಡಿಸಲಿಗೆ ಮಲಗಲು ಹೋದವನು, ಆಮೇಲೆ ನಾವು ಒಂದು ಚಾಪೆಯ ಮೇಲೆ ಕೂತದ್ದಿಲ್ಲ. ರೇಡಿಯೋದಲ್ಲಿ ಪ್ರೇಮದ ಹಾಡು ಬಂದರೆ ಇಬ್ಬರಲ್ಲಿ ಒಬ್ಬರು ಎದ್ದು ಹೋಗುತ್ತಿದ್ದೆವು. ಅಕ್ಕ ತಮ್ಮಂದಿರ ನಡುವಿನ ಗೌರವ ಅದು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಲೆ, ಬೇರು, ಕಪ್ಪೆ ಎಂದು ಒಂದು ತಿಂಗಳು ನಡೆಯಿತು. ಒಂದು ಬುಧವಾರ ಮೇಷ್ಟ್ರು ದೊಡ್ಡದೊಂದು ಪಟ ತಂದು ಗೋಡೆಗೆ ತೂಗುಹಾಕಿ, ಮೇಲಿನಿಂದ ಬಿಚ್ಚತೊಡಗಿದರು. ಮೊದಲು ತಲೆ, ಆಮೇಲೆ ಹೆಗಲು, ಎದೆ. ಮನುಷ್ಯರದ್ದು, ಮೈಮೇಲೆ ನೂಲಿಲ್ಲ. ಹಿಂದಿನ ಸಾಲಿನಲ್ಲಿ ಹೆಪೇತಿ ಕೆಮ್ಮಿದ. ಆ ಕೆಮ್ಮು ನನಗೆ ಗೊತ್ತು. ಪಟ ಸೊಂಟಕ್ಕೆ ಇಳಿಯುವ ಮೊದಲೇ ನಾನು ಪುಸ್ತಕ ಎತ್ತಿಕೊಂಡು ಹೊರಗೆ ಬಂದಿದ್ದೆ. ಮರು ಬುಧವಾರ ಹೋಗಲಿಲ್ಲ. ಅದರ ಮರು ಬುಧವಾರವೂ ಇಲ್ಲ. ಹಾಸ್ಟೆಲಿನಲ್ಲಿ ತಲೆನೋವು ಎಂದೆ. ಮೇಷ್ಟ್ರ ಹತ್ತಿರ ಹೋಗಿ, ಅಲ್ಲಿ ನನ್ನ ತಮ್ಮ ಇದ್ದಾನೆ, ನನ್ನನ್ನು ಇನ್ನೊಂದು ತಂಡಕ್ಕೆ ಹಾಕಿ ಎಂದಿದ್ದರೆ ಮುಗಿಯುತ್ತಿತ್ತು. ಬಿಳಿಯ ಗಂಡಸಿನ ಮುಂದೆ ಅದನ್ನು ಯಾವ ಬಾಯಲ್ಲಿ ಹೇಳುವುದು? ನನ್ನ ಹಟವೂ ಇತ್ತು ಅನ್ನು. ಅವನಾದರೂ ಓದಲಿ, ನಾನಿದ್ದರೆ ಅವನು ತಲೆ ಎತ್ತಲಾರ ಎಂದುಕೊಂಡೆ.

ಅಷ್ಟರಲ್ಲಿ ಅಮ್ಮನಿಗೆ ಕೆಮ್ಮು ಎಂದು ಊರಿನಿಂದ ಪತ್ರ ಬಂತು. ಅದನ್ನೇ ಹಿಡಿದುಕೊಂಡು ಗಂಟುಮೂಟೆ ಕಟ್ಟಿದೆ. ಫಲಿತಾಂಶದ ಪಟ್ಟಿ ನೋಡಲೂ ನಿಲ್ಲಲಿಲ್ಲ. ಹಡಗಿಳಿದರೆ ಅಮ್ಮ ಗುಂಡುಕಲ್ಲಿನ ಹಾಗೆ ಬಂದರಿನಲ್ಲಿ ನಿಂತಿದ್ದಳು, ಯಾಕೆ ಬಂದೆ ಎಂದು ಕೇಳಿದಳು. ನಿನಗಾಗಿ ಎಂದೆ. ಮುಂದಿನ ಭಾನುವಾರ ಪಾದ್ರಿಗಳು ತಾಯಿಗಾಗಿ ಓದು ಬಿಟ್ಟ ಮಗಳೆಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ತಲೆ ತಗ್ಗಿಸಿ ನಿಂತೆ. ಅದನ್ನು ವಿನಯ ಎಂದುಕೊಂಡರು. ನಾನು ಫೇಲಾಗಿ ಬಂದವಳು ಸಾನೆ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಇದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ನಾನು ಎದ್ದು ಬಂದು ಬಿಟ್ಟುಕೊಟ್ಟ ಜಾಗದಲ್ಲಿ ಕೂತು ಓದಿ ಹೆಪೇತಿ ಡಾಕ್ಟರಾದನೇ? ಇಲ್ಲ. ಎರಡು ವರ್ಷಕ್ಕೆ ಬಂದ, ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾದ. ರಕ್ತ ಕಂಡರೆ ಹೆದರಿದನಂತೆ ಎಂದು ಊರೆಲ್ಲ ನಕ್ಕಿತು, ಅವನೂ ನಕ್ಕ. ನನಗೆ ನಗು ಬರಲಿಲ್ಲ. ಹಬ್ಬಕ್ಕೆ ಅವನು ಅಕ್ಕನ ಪಾಲೆಂದು ಹಂದಿಯ ಮೊದಲ ತುಂಡನ್ನು ನನ್ನ ಮುಂದೆ ಇಡಿಸಿದಾಗಲೆಲ್ಲ, ನನ್ನ ಓದನ್ನು ಸಮುದ್ರಕ್ಕೆ ಎಸೆದು ಇದನ್ನು ಕೊಡುತ್ತಿದ್ದೀಯಲ್ಲೋ ಎಂದು ಒಳಗೊಳಗೇ ಬೈದಿದ್ದೇನೆ. ಇಪ್ಪತ್ತೈದು ವರ್ಷ ಬೈದಿದ್ದೇನೆ.

ಈಗ ನೀನು ಮಾಡಬೇಕಾದದ್ದು ಕೇಳು. ಸೋಮವಾರ ಬೆಳಿಗ್ಗೆಯೇ ಮೇಷ್ಟ್ರನ್ನು ಕಾಣು. ಒಬ್ಬಳೇ ಹೋಗಲು ಮುಜುಗರವಾದರೆ ವಸಿತಿಯನ್ನು ಕರೆದುಕೊಂಡು ಹೋಗು, ಫಿಜಿಯವರಿಗೂ ಇಂಥ ಸಂಕೋಚ ತಿಳಿಯುತ್ತದೆ. ಅಣ್ಣನ ಎದುರಿಗೆ ಈ ಪಾಠ ಕೇಳುವುದು ನಮ್ಮಲ್ಲಿ ಆಗದು, ಬೇರೆ ದಿನದ ತಂಡಕ್ಕೆ ಹಾಕಿ ಎಂದು ನೇರವಾಗಿ ಹೇಳು. ಆಗುವುದಿಲ್ಲ ಎಂದರೆ ಮುಂದಿನ ಸಾಲಿನಲ್ಲಿ ಕೂತು, ಹಿಂದೆ ನೋಡದೆ ಬರೆದುಕೊ. ಗೌರವ ಬಿಡು ಎನ್ನುತ್ತಿಲ್ಲ. ಆ ಗೌರವದಲ್ಲೇ ನಾನು ಬೆಳೆದೆ, ಸಾಯುವಾಗಲೂ ಅದು ನನ್ನ ಜೊತೆ ಇರಲಿ. ಆದರೆ ಅದು ನಿನ್ನನ್ನು ಕ್ಲಾಸಿನಿಂದ ಹೊರಗೆ ಕೂರಿಸಬಾರದು. ನಿನ್ನ ಅಪ್ಪನ ಅಕ್ಕ ಹೇಳುತ್ತಿದ್ದೇನೆ, ನಮ್ಮ ವಂಶದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ತಪ್ಪಾದರೆ ನನ್ನ ಮೇಲೆ ಹಾಕು.

ಓದಿದ ಮೇಲೆ ಈ ಪತ್ರವನ್ನು ಸುಟ್ಟುಬಿಡು. ಫುಸಿಯ ಕಿವಿಗೆ ಬಿದ್ದರೆ ನಾಳೆಯೇ ಇಡೀ ನೆಯಾಫುವಿಗೆ ಗೊತ್ತಾಗುತ್ತದೆ. ಬದುಕಿನ ಉಳಿದ ನಾಲ್ಕು ದಿನ ಊರಿನಲ್ಲಿ ತಲೆ ಎತ್ತಿಕೊಂಡು ಓಡಾಡಬೇಕು ನಾನು.

ನಿನ್ನ ಬುಧವಾರಕ್ಕಾಗಿ ಪ್ರಾರ್ಥಿಸುತ್ತಿರುವ
ಅತ್ತೆ ಲೆಸಿಯೇಲಿ

ಮತ್ತೊಂದು ಮಾತು, ಬುಧವಾರ ಮಧ್ಯಾಹ್ನ: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಹರಿದೆ. ಬೆಳಿಗ್ಗೆ ನಾನೂ ನಿನ್ನ ಅಮ್ಮನೂ ಎದುರುಬದುರು ಕೂತು ಬಟ್ಟೆಗಾಗಿ ಮರದ ತೊಗಟೆ ಬಡಿಯುತ್ತಿದ್ದೆವು. ಮನಸ್ಸು ತಡೆಯದೆ ಕೇಳಿದೆ, ಅಷ್ಟು ದಿನ ಆ ಜೀವಶಾಸ್ತ್ರದ ಕ್ಲಾಸಿನಲ್ಲಿ ಕೂತು ನಿನ್ನ ಗಂಡ ಕಲಿತದ್ದಾದರೂ ಏನು ಎಂದು. ಅವಳು ಕೊಡತಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅವ್ರೆಲ್ಲಿ ಕೂತ್ರು ಅತ್ತಿಗೆ? ನೀವು ಒಂದಿನ ಎದ್ದು ಹೋದ್ರಂತಲ್ಲ, ಅವತ್ತಿಂದ ಅವ್ರು ಆ ಕಡೆ ತಲೇನೇ ಹಾಕ್ಲಿಲ್ಲ. ಬುಧವಾರ ಬಂದ್ರೆ ಬಂದರಿಗೆ ಹೋಗಿ ದೋಣಿ ನೋಡ್ತಾ ಕೂತಿರ್ತಿದ್ರಂತೆ. ನಾನಿಲ್ದಿದ್ರೆ ಅಕ್ಕ ಬಂದು ಕೂತ್ಕೋತಾಳೆ, ಅವಳು ಓದ್ಲಿ ಅಂತ. ಅದ್ರಲ್ಲೇ ಫೇಲಾಗಿದ್ದು ಅವ್ರು. ರಕ್ತ ಗಿಕ್ತ ಎಲ್ಲಾ ಸುಳ್ಳು. ನಿಮಗೆ ಹೇಳ್ಬೇಡ ಅಂತ ಮದುವೆ ಆದ ವರ್ಷವೇ ಆಣೆ ಹಾಕಿಸ್ಕೊಂಡಿದ್ರು."

ಎರಡೂ ಕುರ್ಚಿ ಖಾಲಿ ಇದ್ದವು ಸಾನೆ. ನಾನು ಅವನಿಗೆ ಬಿಟ್ಟುಕೊಟ್ಟೆ, ಅವನು ನನಗೆ ಬಿಟ್ಟುಕೊಟ್ಟ, ಅಲ್ಲಿ ಯಾರೂ ಕೂರಲಿಲ್ಲ. ಅವನಿಗೆ ನಾನು ಏನೆಂದು ಹೇಳಲಿ? ಆ ಪಾಠದ ಮಾತನ್ನು ನಾವಿಬ್ಬರೂ ಎದುರು ಕೂತು ಆಡುವ ಹಾಗೂ ಇಲ್ಲ. ಅವನು ಈಗ ಜಗಲಿಯಲ್ಲಿ ಮಕ್ಕಳ ಲೆಕ್ಕದ ಪುಸ್ತಕ ತಿದ್ದುತ್ತಿದ್ದಾನೆ, ಅವನ ಕೆಮ್ಮು ಕೇಳಿಸುತ್ತಿದೆ. ಬೆಳಗಿನಿಂದ ಅಳುತ್ತಿದ್ದೇನೆ. ತೊಗಟೆಯ ಧೂಳು ಕಣ್ಣಿಗೆ ಬಿತ್ತು ಎಂದು ಹೇಳಿದ್ದೇನೆ.

ಸಿಯೊಸಾಯಾ ನಿಜವಾಗಿ ಆ ಕ್ಲಾಸಿಗೆ ಹೋಗುತ್ತಿದ್ದಾನೋ ಇಲ್ಲವೋ ಇವತ್ತೇ ವಸಿತಿಯನ್ನು ಕಳಿಸಿ ವಿಚಾರಿಸು. ಅವನಿಗೂ ಬುಧವಾರ ತಲೆನೋವು ಬರುತ್ತಿರಬಹುದು. ಬರುತ್ತಿದ್ದರೆ ಈ ಪತ್ರವನ್ನು ಸುಡಬೇಡ. ವಸಿತಿಯ ಕೈಯಲ್ಲಿ ಅವನಿಗೆ ಕೊಟ್ಟುಕಳಿಸು, ಪೂರ್ತಿ ಓದಲಿ. ಫುಸಿಗೆ ಗೊತ್ತಾದರೆ ಆಗಲಿ.